ಎರಡು ಸಾವಿರ ಮೊಳ

ಸಬ್ಬತ್ ದಿನ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ, ಯೆಹೂದಿಗಳು ಊರಿನಾಚೆ 2000 ಮೊಳಕ್ಕಿಂತ ಜಾಸ್ತಿ ನಡೆಯುವಂತಿಲ್ಲ. ಸುಮಾರು ಒಂದು ಕಿಲೋಮೀಟರ್ ಅನ್ನಿ. ಊರೊಳಗೆ ಎಷ್ಟು ಬೇಕಾದರೂ ಸುತ್ತಬಹುದು. ನಿಯಮ ಇಷ್ಟೇ. ಆದರೆ ಊರು ಎಲ್ಲಿ ಮುಗಿಯಿತು ಅಂತ ಯಾರಾದರೂ ಹೇಳಬೇಕಲ್ವಾ? ಯೆಹೂದಿ ಪಂಡಿತರ ಧರ್ಮಚರ್ಚೆಗಳ ಹಳೆಯ ಗ್ರಂಥವಾದ ತಾಲ್ಮುಡ್‌ನ ಮಜಾ ಶುರುವಾಗುವುದೇ ಅಲ್ಲಿ.

ಎರುವಿನ್ ಎಂಬ ಭಾಗದ ಐದನೇ ಅಧ್ಯಾಯ ತೆರೆದರೆ ಬರೀ ಇದೇ ಚರ್ಚೆ. ಒಂದು ಮನೆ ಹಿಂದೆ ಸರಿದಿದೆ, ಇನ್ನೊಂದು ಮುಂದೆ ಚಾಚಿದೆ. ಸರಿ, ಮುಂದೆ ಬಂದಿರುವ ಮನೆಯ ನೇರಕ್ಕೇ ಗೆರೆ ಎಳೆಯಿರಿ. ಊರು ದುಂಡಗಿದೆಯೇ? ಸುತ್ತ ಚೌಕ ಹಾಕಿ, ಮೂಲೆಗಳು ಲಾಭ. ಬಿಲ್ಲಿನಂತೆ ಬಾಗಿದ್ದು, ಎರಡು ತುದಿಗಳ ನಡುವೆ 4000 ಮೊಳಕ್ಕಿಂತ ಕಡಿಮೆ ಇದ್ದರೆ ಹೆದೆಯಿಂದಲೇ ಅಳೆಯಿರಿ. ಎರಡು ಊರುಗಳ ನಡುವೆ 141 ಮೊಳ ಚಿಲ್ಲರೆಗಿಂತ ಜಾಸ್ತಿ ಜಾಗವಿಲ್ಲದಿದ್ದರೆ ಎರಡೂ ಸೇರಿ ಒಂದೇ ಊರು!

ಅಳತೆ ಮಾತ್ರ ಬಲು ಬಿಗಿ. ಹಗ್ಗ 50 ಮೊಳವೇ ಇರಬೇಕು. ಗಿಡ್ಡದ್ದು ಎಳೆದರೆ ಹಿಗ್ಗುತ್ತದೆ, ಉದ್ದದ್ದು ಜೋತು ಬೀಳುತ್ತದೆ. ಎದೆಯ ಮಟ್ಟದಲ್ಲಿ ಹಿಡಿಯಬೇಕು. ಅಳೆಯುವವನು ಪಳಗಿದವನಾಗಿರಬೇಕು. ಇಷ್ಟೆಲ್ಲ ಕಟ್ಟುನಿಟ್ಟು ಮಾಡಿ, ಎರಡು ಅಳತೆ ಬಂದರೆ ಯಾವುದನ್ನು ಒಪ್ಪಬೇಕು? ಜಾಸ್ತಿ ಬಂದದ್ದನ್ನು! ಮನೆಯ ಆಳೊಬ್ಬ ‘ಎಲ್ಲೆ ಇಲ್ಲಿಯವರೆಗೆ’ ಅಂದರೂ ನಂಬಬೇಕಂತೆ. ಕಾರಣವನ್ನು ಮಿಶ್ನಾ, ಅಂದರೆ ತಾಲ್ಮುಡ್‌ನ ಮೂಲಪಾಠ, ಮುಚ್ಚಿಡುವುದಿಲ್ಲ: ಇದನ್ನೆಲ್ಲ ಹೇಳಿದ್ದು ಸಡಿಲ ಮಾಡುವುದಕ್ಕೆ, ಬಿಗಿ ಮಾಡುವುದಕ್ಕಲ್ಲ.

ಇನ್ನೂ ದೂರ ಹೋಗಬೇಕಾದವರಿಗೂ ದಾರಿಯಿದೆ. ಸಬ್ಬತ್‌ಗೆ ಮುಂಚೆಯೇ ಎಲ್ಲೆಯ ಹತ್ತಿರ ಎರಡು ಹೊತ್ತಿನ ಊಟ ಇಟ್ಟು ಬಂದರೆ, ಆ ದಿನದ ಮಟ್ಟಿಗೆ ನಿಮ್ಮ ಠಿಕಾಣಿ ಅಲ್ಲೇ. 2000 ಮೊಳದ ಲೆಕ್ಕ ಅಲ್ಲಿಂದ ಶುರು. ಆ ಕಡೆ ಗಳಿಸಿದಷ್ಟನ್ನು ಈ ಕಡೆ ಕಳೆದುಕೊಳ್ಳಬೇಕು, ಅಷ್ಟೇ. ಬಿಟ್ಟಿ ಏನೂ ಇಲ್ಲ.

ನನಗೆ ಬಹಳ ಹಿಡಿಸಿದವರು ಆ ಪಂಡಿತರಲ್ಲೊಬ್ಬರಾದ ರಬ್ಬಾನ್ ಗಮಲಿಯೇಲ್. ಒಮ್ಮೆ ಅವರಿದ್ದ ಹಡಗು ಬಂದರು ಸೇರುವಷ್ಟರಲ್ಲಿ ಕತ್ತಲಾಗಿ ಸಬ್ಬತ್ ಶುರುವಾಯಿತು. ಇಳಿಯಬಹುದೇ ಅಂತ ಜೊತೆಯವರಿಗೆ ದಿಗಿಲು. ‘ಇಳಿಯಿರಿ, ನಾನು ನೋಡುತ್ತಲೇ ಇದ್ದೆ. ಕತ್ತಲಾಗುವ ಮುಂಚೆಯೇ ಎಲ್ಲೆಯೊಳಗೆ ಬಂದಿದ್ದೆವು’ ಅಂದರು. ದೂರ ಅಳೆಯುವುದಕ್ಕೆ ಅವರ ಹತ್ತಿರ ಒಂದು ಕೊಳವೆ ಇತ್ತಂತೆ. ಅದರಲ್ಲಿ ನೋಡಿದರೆ ನೆಲದ ಮೇಲೂ ನೀರಿನ ಮೇಲೂ 2000 ಮೊಳ ತಿಳಿಯುತ್ತಿತ್ತು.

ಎಲ್ಲೆ ದಾಟಿದವನಿಗೆ ಸುತ್ತ ನಾಲ್ಕು ಮೊಳವೇ ಗತಿ. ಅವನಿಗೆ ಬಹಿರ್ದೆಸೆಗೆ ಅವಸರವಾದರೆ? ಮನುಷ್ಯನ ಮರ್ಯಾದೆ ದೊಡ್ಡದು, ಹೋಗಲಿ ಅನ್ನುತ್ತದೆ ತಾಲ್ಮುಡ್. ಬಾಬಿಲೋನಿನ ನೆಹರ್ದೆಯ ಊರಿನ ಪಂಡಿತರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವನು ಜಾಣನಾದರೆ ಮರೆ ಹುಡುಕುತ್ತಾ ಎಲ್ಲೆಯೊಳಕ್ಕೇ ಬಂದುಬಿಡುತ್ತಾನೆ, ಒಳಗೆ ಬಂದ ಮೇಲೆ ಬಂದ ಹಾಗೇ ಅಂದರು. ತಮಾಷೆಗಲ್ಲ, ಧರ್ಮಶಾಸ್ತ್ರದ ತೀರ್ಪಾಗಿಯೇ.