ಇನ್ನೊಂದಿಂಚು ಬಿಡು

ಕುರ್ಚಿಯಲ್ಲಿ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ ನಿಜ, ಆದರೆ ನನ್ನ ಸೊಂಟದ ಎರಡೂ ಪಕ್ಕದ ಮೂಳೆಗಳು ಇನ್ನೂ ಮರದಲ್ಲೇ ಇವೆ. ನಿನ್ನೆ ಸಂಜೆಯಿಂದ ಹೀಗೇ. ಎಡಕ್ಕೆ ಹೊರಳಿದರೆ ಎಡಗಡೆಯದು ಕೂಗುತ್ತದೆ, ಬಲಕ್ಕೆ ಹೊರಳಿದರೆ ಬಲಗಡೆಯದು. ಇದಕ್ಕೆಲ್ಲ ಕಾರಣ ಒಂದು ಮೊಳ ಹಗ್ಗ.

ಇಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಅಕ್ಟೋಬರ್ 1ಕ್ಕೆ ಜಿಂಕೆಯ ಬಿಲ್ಲುಬೇಟೆ ಶುರು. ನವೆಂಬರ್ 15ಕ್ಕೆ ಕೋವಿಯವರ ಸರದಿ. ಅವತ್ತು ಕೆಲವು ಶಾಲೆಗಳಿಗೆ ರಜೆಯೇ ಕೊಟ್ಟುಬಿಡುತ್ತಾರೆ. ಆಫೀಸಿಗೆ ಹೋಗುವ ನಮ್ಮಂಥವರಿಗೆ ಸಿಗುವುದು ಅಕ್ಟೋಬರಿನ ಸಂಜೆಗಳು ಮಾತ್ರ. ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತೋ, ಕೊನೆಯ ಮೀಟಿಂಗ್ ಮುಗಿಯುವಷ್ಟರಲ್ಲಿ ಹೊರಗೆ ಕತ್ತಲು. ಹಾಗಾಗಿ ಲ್ಯಾಪ್‌ಟಾಪ್ ಮುಚ್ಚಿ, ಬೂಟು ಏರಿಸಿ, ಮರ ಹತ್ತಿ ಕೂರುವ ಅವಸರ.

ಕೂರುವುದು ಎಂದೆನಲ್ಲ, ಅಲ್ಲೇ ಇರುವುದು ತಕರಾರು. ನಾನು ಮರದಲ್ಲಿ ಕೂರುವ ಸ್ಯಾಡಲ್ ಎಂಬುದು ಕುದುರೆಯ ಜೀನಲ್ಲ, ದಪ್ಪ ಪಟ್ಟಿಯ ಒಂದು ಲಂಗೋಟಿ. ಅದನ್ನು ಕುಂಡಿಯ ಕೆಳಗೆ ಕಟ್ಟಿಕೊಂಡು ಮರದ ಕಡೆ ಮುಖ ಮಾಡಿ ನೇತಾಡಬೇಕು. ಕಾಲಿಡಲು ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡ ಪ್ಲಾಟ್‌ಫಾರ್ಮ್. ಮರಕ್ಕೆ ಸುತ್ತಿದ ಹಗ್ಗ ಟೆದರ್. ಸ್ಯಾಡಲ್‌ನ ಎಡ ಬಲ ಕಿವಿಗಳ ನಡುವೆ ಹೊಟ್ಟೆಯ ಮುಂದೆ ಹಾದುಹೋಗುವ ಹಗ್ಗ ಬ್ರಿಡ್ಜ್. ಟೆದರ್‌ನ ಕೊಂಡಿ ಬ್ರಿಡ್ಜ್‌ನ ಮಧ್ಯಕ್ಕೆ ಸಿಕ್ಕಿಕೊಂಡಿರುತ್ತದೆ. ನಮ್ಮ ಇಡೀ ಭಾರ, ಮಧ್ಯಾಹ್ನದ ಬಿಸಿಬೇಳೆಬಾತ್ ಸಮೇತ, ಆ ಹಗ್ಗದ ಮೇಲೆ.

ಬ್ರಿಡ್ಜ್ ಗಿಡ್ಡವಾದರೆ ಎರಡೂ ಕಿವಿಗಳನ್ನು ಒಳಕ್ಕೆಳೆದು ಸೊಂಟವನ್ನು ಹಿಚುಕುತ್ತದೆ. ಉದ್ದ ಬಿಟ್ಟರೆ ಹಿಚುಕುವುದು ಕಡಿಮೆಯಾಗುತ್ತದೆ, ಆದರೆ ದೇಹ ಕೆಳಕ್ಕೆ ಕುಸಿದು ಮೊಣಕಾಲು ತೊಗಟೆಗೆ ಉಜ್ಜುತ್ತದೆ. ಸರಿ, ಟೆದರ್ ಮೇಲೇರಿಸೋಣ ಎಂದರೆ ಭಾರವೆಲ್ಲ ಪಾದಕ್ಕಿಳಿದು ಬೆರಳು ಜೋಮು ಹಿಡಿಯುತ್ತದೆ. ಸ್ಯಾಡಲ್ಲನ್ನೇ ತೊಡೆಗೆ ಜಾರಿಸಿದರೆ ಕಾಲು ನನ್ನದೋ ಪಕ್ಕದವನದೋ ತಿಳಿಯುವುದಿಲ್ಲ. ಮಾರುವವರು ಮಾತ್ರ ಇದರಲ್ಲಿ ಬೆಳಗಿನಿಂದ ಸಂಜೆವರೆಗೆ ಆರಾಮಾಗಿ ಇರಬಹುದು ಎನ್ನುತ್ತಾರೆ.

ನನಗೆ ಈ ಹುಚ್ಚು ಹಿಡಿಸಿದವರು ಪಕ್ಕದ ಮನೆಯ ಹಿರಿಯರು. ರಿಟೈರಾಗಿದ್ದಾರೆ, ಒಳ್ಳೆಯವರು, ತಮ್ಮ ಜಮೀನಿನ ಓಕ್ ಮರಗಳನ್ನು ಧಾರಾಳವಾಗಿ ಬಿಟ್ಟುಕೊಟ್ಟಿದ್ದಾರೆ. ಅವರ ಬಳಿ ಎಲ್ಲ ಕಾಯಿಲೆಗೂ ಒಂದೇ ಮದ್ದು: "ಬ್ರಿಡ್ಜ್ ಇನ್ನೊಂದಿಂಚು ಬಿಡು." ಸೊಂಟ ನೋವು? ಇನ್ನೊಂದಿಂಚು. ಮೊಣಕಾಲು? ಇನ್ನೊಂದಿಂಚು. ಬೆನ್ನು ಎಂದರೆ ಒಂದು ಕ್ಷಣ ಯೋಚಿಸಿ, ಗಡ್ಡ ಕೆರೆದು, ಹೊಸದೇನೋ ಹೇಳುವವರಂತೆ ಮುಂದೆ ಬಾಗಿ, "ಒಂದಿಂಚು ಬಿಟ್ಟು ನೋಡು." ಅವರು ಹೇಳಿದಂತೆಲ್ಲ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ನಾನು ನೆಲದ ಮೇಲೆ ನಿಂತಿರುತ್ತಿದ್ದೆ, ಬ್ರಿಡ್ಜ್ ಮಾತ್ರ ಮರದಲ್ಲಿ. ಕಾಡಿನಲ್ಲಿ ಅವರ ಮರ ನನ್ನ ಕಣ್ಣಿಗೆ ಕಾಣದು. ಅಲ್ಲಿಂದಲೇ ಮೆಸೇಜು ಬರುತ್ತದೆ. ಸೈಲೆಂಟಿನಲ್ಲಿಟ್ಟ ಫೋನು ಜೇಬಿನಲ್ಲಿ ನಡುಗಿದರೆ ಓದುವ ಅಗತ್ಯವೇ ಇಲ್ಲ.

ಹಿತ್ತಲಿನ ಮೇಪಲ್ ಮರದಲ್ಲಿ, ನೆಲದಿಂದ ಎರಡಡಿ ಮೇಲೆ, ಅಭ್ಯಾಸ ಮಾಡುತ್ತಿದ್ದಾಗ ನನ್ನ ಹೆಂಡತಿ ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದಳು. ತೀರ್ಥಹಳ್ಳಿಯಿಂದ ಅಮ್ಮನ ಫೋನು. "ಎಂತದೋ ಇದು? ಬಾಳೆಗೊನೆ ಹಣ್ಣಿಗಿಟ್ಟ ಹಾಗೆ ನಿನ್ನ ಯಾರು ಅಲ್ಲಿ ನೇತಾಕಿದ್ದು?" ವಿವರಿಸಿದೆ. "ನಿಮ್ಮಜ್ಜನೂ ಶಿಕಾರಿಗೆ ಮರದ ಮೇಲೆ ಮರಸು ಕೂರ್ತಿದ್ರಪ್ಪ. ನಾಲ್ಕು ಗಳ ಕಟ್ಟಿ, ಮೇಲೊಂದು ಕಂಬಳಿ. ಸೊಂಟ ನೋವು ಅಂದದ್ದು ನಾನಂತೂ ಕೇಳ್ಲಿಲ್ಲ."

ಅಜ್ಜ ಮರಸು ಕೂತದ್ದನ್ನು ನಾನು ಕಂಡವನಲ್ಲ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಎಂಬುದು ಜಗಲಿಯ ಮಾತಾಗಿ ಉಳಿಯಿತು. ಕೋವಿ ಮನೆಯಿಂದ ಹೊರಬೀಳುತ್ತಿದ್ದದ್ದು ಚುನಾವಣೆ ಬಂದಾಗ, ಅದೂ ಠಾಣೆಗೆ ಒಪ್ಪಿಸಲು. ನಾನು ಕಂಡದ್ದು ಅಡಿಕೆ ಕೊಯ್ಯುವವರನ್ನು. ಹಗ್ಗ ಕಟ್ಟಿದ ಪುಟ್ಟ ಹಲಗೆ, ಅದರ ಮೇಲೆ ಕೂತು, ಮರದ ತುದಿಯಿಂದ ಪಕ್ಕದ ಮರವನ್ನು ಎಳೆದುಕೊಂಡು ದಾಟಿಬಿಡುತ್ತಿದ್ದರು. ಗಾಳಿಗೆ ಮರ ಓಲಾಡುತ್ತಿದ್ದರೂ ಬಾಯಲ್ಲಿ ಕವಳ, ನಡುವೆ ಕೆಳಗಿದ್ದವರ ಜೊತೆ ಮಾತು. ಆ ಹಲಗೆಗೆ ಎಷ್ಟು ಇಂಚು ಎಂದು ಯಾರೂ ಕೇಳಿದವರಿಲ್ಲ. ಈಗ ಕೇಳೋಣವೆಂದರೆ, ಮರ ಹತ್ತುವವರು ಸಿಗದೆ ನಮ್ಮ ತೋಟಕ್ಕೂ ಉದ್ದದ ದೋಟಿ ಬಂದಿದೆ.

ನಿನ್ನೆಯ ವಿಷಯ ಹೇಳುತ್ತೇನೆ. ಬೆಳಕು ಇಳಿಯುತ್ತಿತ್ತು. ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೆ ಬಾಣ ಬಿಡಲು ಅವಕಾಶವಿದೆ, ಜಿಂಕೆ ಬರುವುದೂ ಆಗಲೇ. ಸೊಂಟ ತಡೆಯಲಾಗಲಿಲ್ಲ. ನನ್ನ ಬ್ರಿಡ್ಜ್‌ಗೆ ಪ್ರುಸಿಕ್ ಗಂಟು; ಜಾರಿಸಿದಷ್ಟು ಉದ್ದವಾಗುತ್ತದೆ, ಆದರೆ ಭಾರವಿದ್ದಾಗ ಬ್ರಹ್ಮ ಬಂದರೂ ಜಾರದು. ಎದ್ದು ನಿಂತು, ಎದೆಯಿಂದ ಮರವನ್ನು ತಬ್ಬಿ, ಎರಡೂ ಕೈಯಿಂದ ಗಂಟು ಸಡಿಲಿಸಬೇಕು. ಬಿಲ್ಲು ಪಕ್ಕದ ಕೊಕ್ಕೆಯಲ್ಲಿ. ಹಾಗೆ ಕೆನ್ನೆಯನ್ನು ಓಕ್ ತೊಗಟೆಗೆ ಒತ್ತಿಕೊಂಡು ನಿಂತಿದ್ದಾಗ ಕೆಳಗೆ ಎಲೆ ಸರಪರ ಎಂದಿತು. ಗಂಡು. ಕೊಂಬಿನ ಕವಲುಗಳನ್ನು ಎಣಿಸುವಷ್ಟು ಹತ್ತಿರ. ಬಿಲ್ಲಿಗೆ ಕೈ ಚಾಚಿದರೆ ಗಂಟು ಬಿಡಬೇಕು, ಗಂಟು ಬಿಟ್ಟರೆ ಕೊಂಡಿ ಬಕಲ್ಲಿಗೆ ತಾಗಿ ಟಣ್ ಎನ್ನುತ್ತದೆ. ನಾನು ಮರವನ್ನು ಇನ್ನಷ್ಟು ಪ್ರೀತಿಯಿಂದ ತಬ್ಬಿಕೊಂಡೆ. ಅದು ತಲೆ ಎತ್ತಿ ನೋಡಿತು. ಮುಂಗಾಲು ನೆಲಕ್ಕೆ ಕುಟ್ಟಿತು. ನಾನು ಉಸಿರು ಹಿಡಿದೆ. ಆಗ ಜೇಬಿನಲ್ಲಿ ಫೋನು ಗುಂಯ್ ಎಂದಿತು.

ಫೂಸ್ ಎಂದು ಸೀನಿ, ಬಿಳಿ ಬಾಲ ಎತ್ತಿ, ನೆಗೆದು ಹೋಯಿತು.

ಕತ್ತಲಾದ ಮೇಲೆ ಕೆಳಗಿಳಿದು, ಎರಡು ಮಾತು ಆಡಿಯೇ ಬಿಡೋಣವೆಂದು ಹೆಡ್‌ಲ್ಯಾಂಪ್ ಹಾಕಿಕೊಂಡು ಅವರ ಮರ ಹುಡುಕಿಕೊಂಡು ಹೋದೆ. ಮರಕ್ಕೆ ಆನಿಸಿದ ಕಬ್ಬಿಣದ ಏಣಿ. ಏಣಿಯ ತುದಿಯಲ್ಲಿ ಸೀಟು, ಸೀಟಿಗೆ ಕೈ ಇಡುವ ಜಾಗ, ಕೆಳಗೆ ದಪ್ಪನೆಯ ಮೆತ್ತೆ. ಅವರು ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು.

"ನಿಮ್ಮ ಸ್ಯಾಡಲ್ ಎಲ್ಲಿ?" ಎಂದೆ.

"ಅಯ್ಯೋ, ಅದನ್ನು ಹೋದ ವರ್ಷವೇ ಮಾರಿದೆ. ಸೊಂಟಕ್ಕಾಗಲ್ಲ ಮಾರಾಯ," ಎಂದು ಮುಚ್ಚಳದಲ್ಲಿ ನನಗೂ ಒಂದು ಗುಟುಕು ಕಾಫಿ ಕೊಟ್ಟರು. "ನಿನ್ನ ಬ್ರಿಡ್ಜ್ ಸರಿಹೋಯ್ತಾ?"