ಕಲ್ಲಿನ ಹಳಿ, ಕಲ್ಲಿನ ಗಣಿ
ಇಂಗ್ಲೆಂಡಿನ ಡೆವನ್ ಸೀಮೆಯ ಹೇಟರ್ ಕಲ್ಲುಗಣಿಗೆ 1820ರಲ್ಲಿ ಹಾಕಿದ್ದ ಟ್ರಾಮ್ ಮಾರ್ಗದ, ಅಂದರೆ ಕಲ್ಲು ಸಾಗಿಸುವ ಬಂಡಿಗಳ ಹಳಿದಾರಿಯ, ಅವಶೇಷಗಳ ಕುರಿತ ಲೇಖನವೊಂದನ್ನು, ಗ್ರಾನೈಟ್ ಕ್ವಾರಿಗಳ ನಡುವೆಯೇ ಬೆಳೆದ ಇಳಕಲ್ಲಿನವನಾದ ನಾನು ಎರಡೆರಡು ಸಲ ಓದಿದೆ. ಕಬ್ಬಿಣದ ಬದಲು ಗ್ರಾನೈಟನ್ನೇ ಕಡಿದು, ಗಾಲಿ ಪಕ್ಕಕ್ಕೆ ಸರಿಯದಂತೆ ಒಂದು ಅಂಚನ್ನು ಎತ್ತರಿಸಿ ಹಳಿ ಮಾಡಿದ್ದರಿಂದಲೇ, ಸಂಚಾರ ನಿಂತು ಒಂದೂವರೆ ಶತಮಾನ ಕಳೆದರೂ ಅವು ಗುಜರಿ ಪಾಲಾಗದೆ ಉಳಿದಿವೆ. ತುಂಬಿದ ಬಂಡಿಗಳು ಇಳಿಜಾರಿನಲ್ಲಿ ತಮ್ಮ ಭಾರಕ್ಕೇ ಇಳಿಯುತ್ತಿದ್ದವು, ಖಾಲಿ ಬಂಡಿಗಳನ್ನು ಕುದುರೆಗಳು ಮೇಲಕ್ಕೆ ಎಳೆಯುತ್ತಿದ್ದವು ಎಂಬುದನ್ನೂ, ಅಲ್ಲಿನ ಕಲ್ಲು 1831ರ ಲಂಡನ್ ಸೇತುವೆಗೆ ಹೋಯಿತೆಂಬುದನ್ನೂ ಲೇಖಕರು ಸೇರಿಸಬೇಕಿತ್ತು. ನಮ್ಮ ಪಟ್ಟದಕಲ್ಲಿನ ಹತ್ತಿರ ಶಂಕರಲಿಂಗನ ಗುಂಡಿನಲ್ಲೂ ಚಾಲುಕ್ಯರ ಕಾಲದ ಕಲ್ಲುಗಣಿಯಿದೆ; ಬಂಡೆಯ ಮೇಲೆ ಶಿಲ್ಪಿಗಳು ಕೊರೆದ ಹೆಸರುಗಳನ್ನು ನಾನು ಬೆರಳಿನಿಂದ ಸವರಿ ಓದಿದ್ದೇನೆ.