ಸತ್ಯಾಂಶ: ಫೀನಿಕ್ಸ್ ಬಾನಿನ ದೀಪಗಳು ಬಗೆಹರಿಯದ ಒಗಟೇ?

ಅಮೆರಿಕದ ಅರಿಜೋನಾ ಮರುಭೂಮಿಯ ಫೀನಿಕ್ಸ್ ನಗರದ ಮೇಲೆ ಸಾಲಾಗಿ ನಿಂತ ದೀಪಗಳ ವಿಡಿಯೊ ಮತ್ತೆ ಹರಿದಾಡುತ್ತಿದೆ. 'ಅನ್ಯಗ್ರಹದ ನೌಕೆ, ವಿಜ್ಞಾನಕ್ಕೂ ಉತ್ತರವಿಲ್ಲ' ಎಂಬ ಒಕ್ಕಣೆ ಅದರ ಜೊತೆಗಿದೆ. ವಿಡಿಯೊ ನಿಜ, ಒಕ್ಕಣೆ ತಪ್ಪು.

1997ರ ಮಾರ್ಚ್ 13ರ ರಾತ್ರಿ ನಡೆದದ್ದು ಒಂದಲ್ಲ, ಎರಡು ಘಟನೆ. ಗೊಂದಲದ ಮೂಲವೇ ಇದು. ಸುಮಾರು 8 ಗಂಟೆಯ ನಂತರ 'ವಿ' ಆಕಾರದಲ್ಲಿ ದೀಪಗಳು ನಗರದ ಮೇಲೆ ಹಾದುಹೋದವು. ದೂರದರ್ಶಕದಲ್ಲಿ ನೋಡಿದ ಹವ್ಯಾಸಿ ಖಗೋಳ ವೀಕ್ಷಕರೊಬ್ಬರಿಗೆ ಅವು ಬಿಡಿಬಿಡಿ ವಿಮಾನಗಳಾಗಿ ಕಂಡವು. ಆ ವಾರಗಳಲ್ಲಿ ಹೇಲ್-ಬಾಪ್ ಧೂಮಕೇತು ನೋಡಲು ಬಹಳ ಜನ ಹೊರಗೆ ನಿಲ್ಲುತ್ತಿದ್ದರು; ಹಾಗಾಗಿ ದೀಪಗಳೂ ಹಲವರ ಕಣ್ಣಿಗೆ ಬಿದ್ದವು.

ವಿಡಿಯೊದಲ್ಲಿರುವುದು 10 ಗಂಟೆಯ ಸುಮಾರಿನ ದೀಪಗಳು. ಇವು ನೈರುತ್ಯದ ಗೋಲ್ಡ್‌ವಾಟರ್ ಸೇನಾ ತರಬೇತಿ ವಲಯದಲ್ಲಿ ಎ-10 ಯುದ್ಧವಿಮಾನಗಳು ಉದುರಿಸಿದ ಬೆಳಕಿನ ಫ್ಲೇರ್‌ಗಳು. ಒಳಗೆ ಮೆಗ್ನೀಸಿಯಂ ಮಿಶ್ರಣ, ಮೇಲೆ ಪ್ಯಾರಾಚೂಟ್. ಒಂದೊಂದೂ ನಾಲ್ಕೈದು ನಿಮಿಷ ಉರಿಯುತ್ತದೆ. ಉರಿಯ ಬಿಸಿಗಾಳಿ ಪ್ಯಾರಾಚೂಟನ್ನು ಮೇಲಕ್ಕೆ ಒತ್ತುವುದರಿಂದ ಇಳಿಯುವ ವೇಗ ತಗ್ಗುತ್ತದೆ. ದೂರದಿಂದ ನೋಡುವವರಿಗೆ ಗಾಳಿಯಲ್ಲಿ ನಿಂತಂತೆಯೇ ಕಾಣುತ್ತದೆ.

ಹಾಗಾದರೆ ವಿಡಿಯೊದಲ್ಲಿ ದೀಪಗಳು ಒಂದೊಂದಾಗಿ ಆರಿದಂತೆ ಕಾಣುವುದೇಕೆ? ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ವಿಡಿಯೊ ತೆಗೆದ ಜಾಗದಿಂದಲೇ ಹಗಲಲ್ಲಿ ತೆಗೆದ ಚಿತ್ರವನ್ನು ಅದೇ ಅಳತೆಗೆ ತಂದು, ಕೆಳಗಿನ ಊರದೀಪಗಳನ್ನು ಗುರುತಾಗಿಟ್ಟು ಒಂದರ ಮೇಲೊಂದು ಹೊಂದಿಸಬೇಕು. ನಗರಕ್ಕೂ ತರಬೇತಿ ವಲಯಕ್ಕೂ ನಡುವೆ ಇರುವ, ರಾತ್ರಿಯ ಕತ್ತಲಲ್ಲಿ ಕಾಣದ ಎಸ್ಟ್ರೆಲ್ಲಾ ಬೆಟ್ಟಸಾಲು ಆಗ ಎದ್ದು ಕಾಣುತ್ತದೆ. ದೀಪಗಳು ಮಾಯವಾಗುವುದು ಸರಿಯಾಗಿ ಅದರ ನೆತ್ತಿಯ ಗೆರೆಯಲ್ಲಿ, ಅಂದರೆ ಬೆಟ್ಟದ ಹಿಂದೆ ಇಳಿದಾಗ. ಅಳತೆ ತಪ್ಪಿದರೆ ಮಾತ್ರ ಅವು ಬೆಟ್ಟದ ಮುಂದೆ, ನಗರದ ಮೇಲೇ ಇದ್ದಂತೆ ತೋರುತ್ತವೆ.